ಸೆರಗಿನ ಮರೆಯ ನೋವು



ನೋವನ್ನು ಹೇಳಿಕೊಳ್ಳುವುದರಲ್ಲಿಯೂ ಮನುಷ್ಯನು ಒಂದು ತಾರತಮ್ಯವನ್ನು ಇಟ್ಟುಕೊಂಡಿದ್ದಾನೆ. ತಲೆನೋವನ್ನು ನೆರೆಮನೆಯವರಿಗೆ ಹೇಳುತ್ತಾನೆ. ಮೊಣಕಾಲಿನ ನೋವನ್ನು ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಅಪರಿಚಿತನಿಗೂ ಹೇಳುತ್ತಾನೆ. ಆದರೆ ಕೆಲವು ನೋವುಗಳುಂಟು. ಅವುಗಳನ್ನು ತಾಯಿಯು ಹೆತ್ತ ಮಗಳಿಗೆ ಹೇಳಳು, ಹೆಂಡತಿಯು ಕೈಹಿಡಿದ ಗಂಡನಿಗೆ ಹೇಳಳು. ಹತ್ತು ಹದಿನೈದು ವರ್ಷ ಸೆರಗಿನ ಮರೆಯಲ್ಲಿಟ್ಟುಕೊಂಡು ಅವುಗಳೊಡನೆಯೇ ಮುಪ್ಪಾಗುತ್ತಾಳೆ. ಅಂತಹ ಒಂದು ನೋವನ್ನು ಕುರಿತು ಈ ತಿಂಗಳು ಬರೆಯಲು ನಿಶ್ಚಯಿಸಿದ್ದೇವೆ. ಮಠದ ಪಾಠಶಾಲೆಯಲ್ಲಿ ಶಾಸ್ತ್ರ ಕಲಿತು, ಅರವತ್ತು ದಾಟಿದ ಗಂಡಸರಾದ ನಮಗೆ ಈ ವಿಷಯವೇಕೆ ಎಂದು ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ನಮ್ಮಿಂದಲೇ ಆದ ಒಂದು ತಪ್ಪು ಈ ಲೇಖನಕ್ಕೆ ಕಾರಣವಾಗಿದೆ.

ಕೆಲವು ವರ್ಷಗಳ ಹಿಂದೆ ಶ್ರಾವಣ ಮಾಸದಲ್ಲಿ ಒಂದು ಊರಿನಲ್ಲಿ ನಮ್ಮ ಪ್ರವಚನ ನಡೆದಿತ್ತು. ಸಂಜೆಯ ಹೊತ್ತು ಜನ ತುಂಬಿ ಕೂಡುತ್ತಿದ್ದರು. ನಾವು ನಡುನಡುವೆ ಹಾಸ್ಯದ ದೃಷ್ಟಾಂತಗಳನ್ನು ಹೇಳುತ್ತಿದ್ದೆವು. ಸಭೆ ನಕ್ಕರೆ ನಮಗೂ ಹುರುಪು. ಹೆಂಗಸರ ಸಾಲಿನಲ್ಲಿ ಅರವತ್ತರ ಆಸುಪಾಸಿನ ತಾಯಿಯೊಬ್ಬರು ದಿನವೂ ಬಾಗಿಲಿನ ಪಕ್ಕದಲ್ಲಿಯೇ ಕುಳಿತು, ನಡುವೆ ಎದ್ದು ಹೋಗಿಬಿಡುತ್ತಿದ್ದರು. ನಾಲ್ಕು ದಿನ ನೋಡಿದೆವು. ಐದನೆಯ ದಿನ ಅವರು ಏಳುವಾಗ, "ಮನೆಯ ಚಿಂತೆ ಇದ್ದವರು ಮನೆಯಲ್ಲಿಯೇ ಇರುವುದು ಒಳಿತು, ದೇಹ ಇಲ್ಲಿ, ಮನಸ್ಸು ಒಲೆಯ ಮುಂದೆ" ಎಂದು ವೇದಿಕೆಯ ಮೇಲಿಂದ ಆಡಿದೆವು. ಸಭೆ ನಕ್ಕಿತು. ಮರುದಿನದಿಂದ ಆ ತಾಯಿ ಬರಲಿಲ್ಲ.

ಪ್ರವಚನ ಮಂಗಲವಾಗುವ ದಿನ ಆ ತಾಯಿಯ ಸೊಸೆ ನಮ್ಮ ಮನೆಯವರನ್ನು ಬದಿಗೆ ಕರೆದು ಹೇಳಿದ ಮಾತನ್ನು ಇದ್ದಂತೆಯೇ ಬರೆಯುತ್ತೇವೆ: "ಅಮ್ಮಾರ, ನಮ್ಮ ಅತ್ತಿಯವರಿಗೆ ಭಕ್ತಿ ಕಡಿಮಿ ಆಗಿಲ್ರಿ. ಕೆಮ್ಮಿದರ, ಸೀನಿದರ, ನಕ್ಕರ ಸೀರಿ ಒದ್ದಿ ಆಗತೈತ್ರಿ. ಶಾಸ್ತ್ರಿಗಳು ನಗಸ್ತಾರ, ಎಲ್ಲಾರೂ ನಗತಾರ, ಇವರು ನಗಬಾರದಂತ ಹಲ್ಲು ಕಚ್ಚಿ ಕೂಡತಾರ. ತಡಕೊಳ್ಳಾಕ ಆಗದಾಗ ಎದ್ದು ಹೋಗತಾರ್ರಿ." ನಮ್ಮ ಮನೆಯವರು ರಾತ್ರಿ ಇದನ್ನು ತಿಳಿಸಿದಾಗ ನಾವು ನಾಚಿದೆವು. ನಲವತ್ತು ವರ್ಷ ಶಾಸ್ತ್ರಗ್ರಂಥಗಳನ್ನು ತಿರುವಿ ಹಾಕಿದ ನಮಗೆ ಎದುರಿಗೆ ಕುಳಿತ ಒಬ್ಬ ತಾಯಿಯ ಸಂಕಟವನ್ನು ಓದಲು ಬಂದಿರಲಿಲ್ಲ. ಅಂದಿನಿಂದ ನಮಗೆ ಪರಿಚಿತರಾದ ವೈದ್ಯರನ್ನೂ ವೈದ್ಯೆಯರನ್ನೂ ಕೇಳಿ, ಓದಿ, ಈ ವಿಷಯದಲ್ಲಿ ಗೃಹಸ್ಥರು ತಿಳಿದಿರಬೇಕಾದಷ್ಟನ್ನು ಕೂಡಿಸಿಕೊಂಡಿದ್ದೇವೆ.

ನಮ್ಮ ಸೊಂಟದ ಮೂಳೆಗಳ ನಡುವೆ, ಕೆಳಭಾಗದಲ್ಲಿ, ಸ್ನಾಯುಗಳ ಒಂದು ಹಾಸು ಇದೆ. ಮುಂದೆ ಗುಪ್ತಾಂಗದ ಮೇಲಿನ ಮೂಳೆಯಿಂದ ಹಿಂದೆ ಬೆನ್ನೆಲುಬಿನ ತುದಿಯ ಮೂಳೆಯವರೆಗೆ ಅದು ಜೋಲಿಯಂತೆ ಹರಡಿಕೊಂಡಿದೆ. ವೈದ್ಯರು ಇದನ್ನು ಶ್ರೋಣಿತಳವೆನ್ನುತ್ತಾರೆ. ಸ್ತ್ರೀಯರಲ್ಲಿ ಮೂತ್ರಕೋಶ, ಗರ್ಭಕೋಶ, ಮಲಾಶಯ ಈ ಮೂರೂ ಆ ಜೋಲಿಯ ಆಧಾರದ ಮೇಲೆ ನಿಂತಿವೆ. ಮಲಮೂತ್ರಗಳನ್ನು ಹಿಡಿಯುವುದು, ಬಿಡುವುದು ಸಹ ಬಹುಮಟ್ಟಿಗೆ ಅದರ ಅಧೀನ. ಕೂಸು ಹುಟ್ಟುವಾಗ ಈ ಜೋಲಿ ತನ್ನ ಶಕ್ತಿಯನ್ನು ಮೀರಿ ಹಿಗ್ಗುತ್ತದೆ; ಕೆಲವೊಮ್ಮೆ ಹರಿಯುವುದೂ ಉಂಟು. ಹಲವು ಹೆರಿಗೆಗಳು, ದಿನಗಟ್ಟಲೆ ಎಳೆದ ಹೆರಿಗೆ, ದೊಡ್ಡ ಕೂಸು, ಇಕ್ಕಳ ಹಾಕಿ ತೆಗೆದ ಹೆರಿಗೆ ಇವುಗಳಿಂದ ಅಪಾಯ ಹೆಚ್ಚು. ಮುಟ್ಟು ನಿಂತ ಮೇಲೆ ಅಂಗಾಂಶಗಳು ತೆಳುವಾಗುತ್ತವೆ. ಬಹುಕಾಲದ ಕೆಮ್ಮು, ಮಲಬದ್ಧತೆ, ಅತಿಯಾದ ಮೈಭಾರ, ತುಂಬಿದ ಕೊಡವನ್ನೂ ಸೌದೆಯ ಹೊರೆಯನ್ನೂ ವರ್ಷಾನುಗಟ್ಟಲೆ ಹೊತ್ತದ್ದು, ಇವೆಲ್ಲವೂ ಮೇಲಿನಿಂದ ಒತ್ತುತ್ತಲೇ ಇರುತ್ತವೆ. ಜೋಲಿ ಸಡಿಲವಾದಾಗ ಅದರ ಮೇಲಿದ್ದದ್ದು ಕೆಳಗೆ ಇಳಿಯುತ್ತದೆ.

ಹೀಗೆ ಆಗುವ ತೊಂದರೆಗಳು ಹಲವು ಬಗೆ. ಕೆಮ್ಮಿದಾಗ, ನಕ್ಕಾಗ, ಭಾರ ಎತ್ತಿದಾಗ ಮೂತ್ರ ಸೋರುವುದು ಒಂದು ಬಗೆ. ತಟ್ಟನೆ ತಡೆಯಲಾರದ ಒತ್ತರ ಬಂದು ಬಚ್ಚಲು ಮುಟ್ಟುವ ಮೊದಲೇ ಬಟ್ಟೆ ಒದ್ದೆಯಾಗುವುದು ಇನ್ನೊಂದು. ಎರಡೂ ಒಬ್ಬರಲ್ಲಿಯೇ ಇರಬಹುದು. ಗರ್ಭಕೋಶ ಜಾರಿ, ಕೆಳಗೆ ಏನೋ ಇಳಿದಂತೆ, ಗಂಟಿನ ಮೇಲೆ ಕುಳಿತಂತೆ ಆಗುವುದು ಮೂರನೆಯದು. ಈ ಭಾರ ಮುಂಜಾನೆ ಕಡಿಮೆಯಿದ್ದು ದುಡಿದು ಸಂಜೆಯಾದಂತೆ ಹೆಚ್ಚುತ್ತದೆ, ಮಲಗಿದರೆ ಇಳಿಯುತ್ತದೆ. ಕೆಲವರಿಗೆ ಮೂತ್ರಕೋಶವೇ ಕೆಳಕ್ಕೆ ಬಾಗಿ ಮೂತ್ರ ಪೂರ್ತಿ ಹೋಗದು. ಕೆಲವರಿಗೆ ಹೆರಿಗೆಯಲ್ಲಿ ಗುದದ ಸ್ನಾಯು ಹರಿದದ್ದರಿಂದ ವಾಯುವೂ ಮಲವೂ ತಡೆಯದು. ಈ ಕೊನೆಯದನ್ನು ಹೆಂಗಸರು ವೈದ್ಯೆಯ ಮುಂದೆಯೂ ತಾವಾಗಿ ಹೇಳುವುದು ವಿರಳವೆಂದು ಅನುಭವಸ್ಥ ವೈದ್ಯೆಯೊಬ್ಬರು ನಮಗೆ ತಿಳಿಸಿದರು.

ಇದು ಹೊಸ ಕಾಲದ ರೋಗವಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ 20 ಯೋನಿವ್ಯಾಪತ್ತುಗಳನ್ನು ಹೇಳಲಾಗಿದೆ. ಸ್ಥಾನ ತಪ್ಪಿದ ಅಂಗವನ್ನು ಎಣ್ಣೆ ಸವರಿ, ಬೆವರಿಸಿ, ಕೈಯಿಂದ ಮತ್ತೆ ಸ್ವಸ್ಥಾನದಲ್ಲಿ ಇರಿಸುವ ಕ್ರಮವನ್ನೂ ಅಲ್ಲಿಯೇ ವಿಧಿಸಲಾಗಿದೆ. ಪ್ರಾಚೀನರು ನಾಚಿಕೆಯಿಲ್ಲದೆ ಬರೆದದ್ದನ್ನು ನಾವು ಬಾಯಿ ಬಿಟ್ಟು ಕೇಳಲೂ ಹಿಂಜರಿಯುತ್ತಿರುವುದು ವಿಚಿತ್ರವಲ್ಲವೇ?

ಮೌನದಿಂದ ರೋಗ ಬೆಳೆಯುತ್ತದೆ. ಸೋರುವ ಭಯದಿಂದ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಮೂತ್ರವು ಗಾಢವಾಗಿ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ, ಮಲಬದ್ಧತೆ ಹೆಚ್ಚುತ್ತದೆ, ಮೂತ್ರದ ಸೋಂಕಿಗೂ ದಾರಿಯಾಗುತ್ತದೆ. ಮದುವೆ, ಜಾತ್ರೆ, ದೂರದ ಪ್ರಯಾಣಗಳನ್ನು ಒಂದೊಂದಾಗಿ ತ್ಯಜಿಸುತ್ತಾರೆ. "ಅವರಿಗೆ ಯಾವುದರಲ್ಲಿಯೂ ಆಸಕ್ತಿಯಿಲ್ಲ" ಎಂದು ಮನೆಯವರು ಅನ್ನುತ್ತಾರೆ, ನಾವು ಅಂದಂತೆ.

ಇನ್ನೊಂದು ಮಾತನ್ನು ನಾವು ಹೇಳಲೇಬೇಕು. ಆ ತಾಯಿ ಮೈ ಶುದ್ಧವಿಲ್ಲವೆಂದು ಬೆಳಗಿನ ಲಿಂಗಪೂಜೆಯನ್ನೂ ನಿಲ್ಲಿಸಿಬಿಟ್ಟಿದ್ದರೆಂದು ಆಮೇಲೆ ತಿಳಿಯಿತು. 12ನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನೂ ನಿರಾಕರಿಸಿದರು. ಅಂಗದ ಮೇಲೆ ಲಿಂಗವಿರುವವರಿಗೆ ಸೂತಕವಿಲ್ಲವೆಂದು ಸಾರಿದ ಮನೆತನಗಳಲ್ಲಿ ಒಂದು ವ್ಯಾಧಿಯು ಪೂಜೆಗೆ ಅಡ್ಡಿಯಾಗುವುದೆಂದರೆ ನಾವು ಉಪದೇಶಿಸಿದ್ದರಲ್ಲಿಯೇ ಕೊರತೆಯಿದೆ. ಕೈಕಾಲು ತೊಳೆದು ಬಟ್ಟೆ ಬದಲಿಸಿ ಪೂಜೆಗೆ ಕೂಡಲು ಯಾವ ದೋಷವೂ ಇಲ್ಲ.

ಈ ನೋವಿಗೆ ನಮ್ಮ ಮನೆಗಳಲ್ಲಿ ಎರಡೇ ದಾರಿಗಳು ಬಳಕೆಯಲ್ಲಿವೆ. ಒಂದು, "ಹೆತ್ತವರಿಗೆ ಇದ್ದದ್ದೇ" ಎಂದು ಸಹಿಸುವುದು. ಎರಡು, ಸಹಿಸಲಾರದಾದಾಗ ಗರ್ಭಕೋಶವನ್ನೇ ತೆಗೆಸಿಬಿಡುವುದು. ನಾವು ಹೇಳಿದ ತಾಯಿಗೂ ಊರ ಸಮೀಪದ ಒಂದು ಚಿಕಿತ್ಸಾಲಯದಲ್ಲಿ ಸರಿಯಾಗಿ ಪರೀಕ್ಷೆಯನ್ನೂ ಮಾಡದೆ, "ಮಕ್ಕಳಾಗಿವೆಯಲ್ಲ, ತೆಗೆಸಿಬಿಡಿ" ಎಂದಿದ್ದರಂತೆ. ಮನೆಯಲ್ಲಿ ಹಣ ಹೊಂದಿಸುವ ಮಾತೂ ನಡೆದಿತ್ತು. ಗರ್ಭಕೋಶ ತೆಗೆಯುವುದು ಕೆಲವು ರೋಗಗಳಲ್ಲಿ ಅವಶ್ಯ; ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಜೋಲಿ ಸಡಿಲವಾಗಿರುವಾಗ ಅದರ ಮೇಲಿನ ಒಂದು ಅಂಗವನ್ನು ತೆಗೆದ ಮಾತ್ರಕ್ಕೆ ಜೋಲಿ ಬಿಗಿಯಾಗದು. ಆಧಾರವನ್ನು ಸರಿಪಡಿಸದೆ ತೆಗೆದರೆ ಉಳಿದ ಭಾಗವು ಮುಂದೆ ಮತ್ತೆ ಜಾರಬಹುದು. ಮೂತ್ರ ಸೋರುವುದೂ ನಿಲ್ಲದೆ ಇರಬಹುದು. ದೇಶದಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಗಳ ವಿಷಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, ಅವನ್ನು ತಡೆಯಲು ಕೇಂದ್ರವು ರೂಪಿಸಿದ ಮಾರ್ಗಸೂಚಿಯನ್ನು ರಾಜ್ಯಗಳು ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಆದೇಶವಾಯಿತು. ಆದುದರಿಂದ "ತೆಗೆಸಿಬಿಡಿ" ಎಂಬ ಮಾತು ಕೇಳಿದಾಗ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಅವಿನಯವಲ್ಲ, ವಿವೇಕ.

ಸಹಿಸುವುದಕ್ಕೂ ತೆಗೆಸುವುದಕ್ಕೂ ನಡುವೆ ಒಂದು ವಿಶಾಲವಾದ ದಾರಿಯಿದೆ. ಅದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲನೆಯದು ವ್ಯಾಯಾಮ. ಅಮೆರಿಕೆಯ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಎಂಬುವರು 1948ರಲ್ಲಿ ಇದನ್ನು ಶಾಸ್ತ್ರೀಯವಾಗಿ ಪ್ರಕಟಿಸಿದರು. ಅವರ ಹೆಸರಿನಿಂದಲೇ ಇದು ಪ್ರಸಿದ್ಧವಾಗಿದೆ. ಹಠಯೋಗದ ಮೂಲಬಂಧವನ್ನು ಬಲ್ಲವರಿಗೆ ಇದರ ರೀತಿ ಬೇಗ ತಿಳಿಯುತ್ತದೆ. ವಾಯುವನ್ನು ತಡೆಯುವಾಗ ಹೇಗೆ ಕೆಳಗಿನ ಸ್ನಾಯುಗಳನ್ನು ಒಳಕ್ಕೂ ಮೇಲಕ್ಕೂ ಸೆಳೆದುಕೊಳ್ಳುತ್ತೇವೆಯೋ ಹಾಗೆ ಸೆಳೆದು, ಐದು ಎಣಿಸುವಷ್ಟು ಹೊತ್ತು ಹಿಡಿದು, ಅಷ್ಟೇ ಹೊತ್ತು ಸಡಿಲ ಬಿಡಬೇಕು. ಅಭ್ಯಾಸವಾದಂತೆ ಹತ್ತರವರೆಗೆ ಹಿಡಿಯಬಹುದು. ಒಂದು ಸಲಕ್ಕೆ 8ರಿಂದ 10 ಬಾರಿ, ದಿನಕ್ಕೆ 3 ಸಲ, ಕಡಿಮೆಯೆಂದರೆ 3 ತಿಂಗಳು ಬಿಡದೆ ಮಾಡಬೇಕು. ಉಸಿರು ಕಟ್ಟಬಾರದು, ಹೊಟ್ಟೆ, ತೊಡೆ, ಕುಂಡಿಗಳನ್ನು ಬಿಗಿಯಬಾರದು. ಮೂತ್ರ ಮಾಡುವಾಗ ತಡೆದು ತಡೆದು ಅಭ್ಯಾಸ ಮಾಡುವುದು ತಪ್ಪು. ಕೆಮ್ಮು ಅಥವಾ ಸೀನು ಬರುವ ಮುನ್ನ ಒಮ್ಮೆ ಸೆಳೆದುಕೊಳ್ಳುವುದನ್ನು ರೂಢಿಸಿಕೊಂಡರೆ ಸೋರುವುದು ಬಹಳ ತಗ್ಗುತ್ತದೆ. ಅನೇಕರು ಒಳಕ್ಕೆ ಸೆಳೆಯುವ ಬದಲು ಕೆಳಕ್ಕೆ ಮುಕ್ಕುತ್ತಾರೆ. ಅದರಿಂದ ಕೇಡೇ ಹೆಚ್ಚು. ಆದಕಾರಣ ಮೊದಲು ತರಬೇತಾದ ವೈದ್ಯೆ ಅಥವಾ ಫಿಸಿಯೋಥೆರಪಿ ಬಲ್ಲವರಿಂದ ಕಲಿಯುವುದು ಉತ್ತಮ. ಒತ್ತರದ ಸೋರಿಕೆಗೆ ಬೇರೆ ಕ್ರಮವುಂಟು: ಬಚ್ಚಲಿಗೆ ಹೋಗುವ ವೇಳೆಗಳ ಅಂತರವನ್ನು ವಾರವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ಮೂತ್ರಕೋಶಕ್ಕೆ ಶಿಸ್ತು ಕಲಿಸುವುದು, ಚಹಾ ಕಾಫಿಗಳನ್ನು ತಗ್ಗಿಸುವುದು, ಬೇಕಾದರೆ ಔಷಧಿ.

ಎರಡನೆಯದು ಉಂಗುರ. ಜಾರಿದ ಗರ್ಭಕೋಶವನ್ನು ಸ್ವಸ್ಥಾನದಲ್ಲಿ ನಿಲ್ಲಿಸಲು ಮೆತ್ತನೆಯ ಸಿಲಿಕೋನ್ ಉಂಗುರವನ್ನು ಒಳಗೆ ಇರಿಸುತ್ತಾರೆ. ಇದಕ್ಕೆ ಪೆಸರಿ ಎಂದು ಹೆಸರು. ಪ್ರಾಚೀನ ಗ್ರೀಕರು ಇದೇ ಕೆಲಸಕ್ಕೆ ಅರ್ಧ ದಾಳಿಂಬೆಯನ್ನು ಬಳಸುತ್ತಿದ್ದರೆಂದರೆ ಉಪಾಯವು ಎಷ್ಟು ಹಳೆಯದೆಂದು ತಿಳಿಯಬಹುದು. ಶಸ್ತ್ರಚಿಕಿತ್ಸೆಯನ್ನು ತಾಳಲಾರದ ವೃದ್ಧೆಯರಿಗೂ, ಸದ್ಯಕ್ಕೆ ಬೇಡವೆನ್ನುವವರಿಗೂ ಇದು ವರದಾನ. ಅಳತೆಯನ್ನು ವೈದ್ಯರೇ ನೋಡಿ ಹಾಕಬೇಕು. ಆಗಾಗ ತೆಗೆದು ತೊಳೆಯಬೇಕು. ಕೆಲವು ತಿಂಗಳಿಗೊಮ್ಮೆ ತೋರಿಸಬೇಕು. ಹಾಕಿಸಿಕೊಂಡು ಮರೆತುಬಿಟ್ಟರೆ ಹುಣ್ಣಾಗುವ ಭಯವಿದೆ.

ಮೂರನೆಯದು ಶಸ್ತ್ರಚಿಕಿತ್ಸೆ. ಇಲ್ಲಿಯೂ ತೆಗೆಯುವುದೊಂದೇ ಮಾರ್ಗವಲ್ಲ. ಎತ್ತಿ ಕಟ್ಟುವ, ಗೋಡೆಗಳನ್ನು ಬಿಗಿಯುವ ಕ್ರಮಗಳಿವೆ. ಈ ವಿದ್ಯೆಯಲ್ಲಿ ನಮ್ಮ ದೇಶದವರ ಕೊಡುಗೆ ಸಣ್ಣದಲ್ಲ. 1899ರಲ್ಲಿ ಗೋವೆಯಲ್ಲಿ ಹುಟ್ಟಿ, ನಮ್ಮ ಹುಬ್ಬಳ್ಳಿಯಲ್ಲಿ ಶಾಲೆ ಕಲಿತು, ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ವಿಠ್ಠಲ ನಾಗೇಶ ಶಿರೋಡ್ಕರರು ಗರ್ಭ ನಿಲ್ಲದ ತಾಯಂದಿರಿಗೆ ಗರ್ಭಕೋಶದ ಬಾಯಿಗೆ ಹಾಕುವ ಹೊಲಿಗೆಯಿಂದ ಜಗತ್ಪ್ರಸಿದ್ಧರಾದವರು. ಎಳೆಯ ವಯಸ್ಸಿನಲ್ಲಿ ಗರ್ಭಕೋಶ ಜಾರಿದವರಿಗೆ ಅದನ್ನು ಉಳಿಸಿಕೊಂಡೇ ಪಟ್ಟಿಯಿಂದ ಮೇಲಕ್ಕೆ ಎತ್ತಿ ಕಟ್ಟುವ ಶಸ್ತ್ರಕ್ರಮವನ್ನೂ ಅವರು ರೂಪಿಸಿದರು. ಮುಂದೆ ಮಕ್ಕಳು ಬೇಕೆನ್ನುವ ಸೊಸೆಯಂದಿರಿಗೆ ಇಂತಹ ಮಾರ್ಗಗಳುಂಟೆಂಬುದನ್ನು ಮನೆಯ ಹಿರಿಯರು ತಿಳಿದಿರಬೇಕು.

ಹೊಸದೆಲ್ಲವೂ ಒಳಿತೆಂದು ನಂಬುವುದೂ ಸಲ್ಲದು. ಜಾರಿದ ಅಂಗಗಳನ್ನು ಎತ್ತಲು ಯೋನಿಯ ಮೂಲಕ ಕೃತಕ ಜಾಲರಿಯನ್ನು ಇರಿಸುವ ಪದ್ಧತಿಯಿಂದ ಅನೇಕ ಸ್ತ್ರೀಯರು ನೋವು, ಹುಣ್ಣುಗಳಿಗೆ ಗುರಿಯಾದರು. ಅಮೆರಿಕೆಯ ಆಹಾರ ಮತ್ತು ಔಷಧ ಆಡಳಿತವು 2019ರ ಏಪ್ರಿಲ್‌ನಲ್ಲಿ ಅಂತಹ ಜಾಲರಿಗಳ ಮಾರಾಟವನ್ನು ನಿಲ್ಲಿಸಲು ಆದೇಶಿಸಿತು. ಮೂತ್ರನಾಳದ ಕೆಳಗೆ ಸೋರಿಕೆ ತಡೆಯಲು ಇಡುವ ಸಣ್ಣ ಪಟ್ಟಿ, ಹೊಟ್ಟೆಯ ಮೂಲಕ ಹಾಕುವ ಜಾಲರಿ ಇವು ಬೇರೆ. ಅವು ಆ ಆದೇಶಕ್ಕೆ ಒಳಪಟ್ಟಿರಲಿಲ್ಲ. ಒಳಗೆ ಏನನ್ನು ಇರಿಸುತ್ತಾರೆ, ಏಕೆ ಇರಿಸುತ್ತಾರೆ, ಮುಂದೆ ತೊಂದರೆಯಾದರೆ ತೆಗೆಯಬಹುದೇ ಎಂದು ಕೇಳುವ ಅಧಿಕಾರ ರೋಗಿಗೆ ಇದೆ.

ಇಷ್ಟೆಲ್ಲ ವಿವೇಚನೆ ಬೇಕಾಗಿರುವುದರಿಂದಲೇ ಇದು ಪ್ರತ್ಯೇಕ ವಿದ್ಯೆಯಾಗಿ ಬೆಳೆದಿದೆ. ಮೂತ್ರಾಂಗ ಮತ್ತು ಸ್ತ್ರೀರೋಗ ಎರಡನ್ನೂ ಕೂಡಿಸಿ ನೋಡುವ ಈ ಶಾಖೆಗೆ ಯೂರೋಗೈನಕಾಲಜಿ ಎನ್ನುತ್ತಾರೆ. ಅಮೆರಿಕೆಯಲ್ಲಿ 2011ರಲ್ಲಿ ಇದಕ್ಕೆ ಪ್ರತ್ಯೇಕ ಉಪಶಾಖೆಯ ಮಾನ್ಯತೆ ದೊರೆಯಿತು. ನಮ್ಮಲ್ಲಿ ಇಂತಹ ತಜ್ಞರು ದೊಡ್ಡ ನಗರಗಳಲ್ಲಿ ಸಿಗುತ್ತಾರೆ. ಆದರೆ ಮೊದಲ ಹೆಜ್ಜೆಗೆ ದೂರ ಹೋಗಬೇಕಾಗಿಲ್ಲ. ಜಿಲ್ಲಾ ಆಸ್ಪತ್ರೆಯ ಅಥವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗಿ, ಹೆರಿಗೆಗಳ ವಿವರ ಹೇಳಬೇಕು. ಮೂರು ದಿನ ಎಷ್ಟು ನೀರು ಕುಡಿದಿರಿ, ಎಷ್ಟು ಬಾರಿ ಮೂತ್ರವಾಯಿತು, ಯಾವಾಗ ಸೋರಿತು ಎಂದು ಬರೆದುಕೊಂಡು ಹೋದರೆ ವೈದ್ಯರಿಗೆ ಅರ್ಧ ಕೆಲಸ ಸುಲಭವಾಗುತ್ತದೆ. ಕೆಮ್ಮಿಸಿ ನೋಡುವುದು, ಮೂತ್ರ ಪರೀಕ್ಷೆ, ಮೂತ್ರ ಎಷ್ಟು ಉಳಿಯುತ್ತದೆಂದು ಸ್ಕ್ಯಾನಿಂಗ್, ಇವು ಸಾಮಾನ್ಯ ಪರೀಕ್ಷೆಗಳು. ಬಡ ಕುಟುಂಬದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ಕುರಿತು ಅಲ್ಲಿಯೇ ಮೊದಲು ವಿಚಾರಿಸಲಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಮೂತ್ರದಲ್ಲಿ ರಕ್ತ ಬಂದರೆ, ಮೂತ್ರವೇ ಕಟ್ಟಿಕೊಂಡರೆ, ಹೆರಿಗೆಯ ತರುವಾಯ ಹಗಲಿರುಳೂ ನಿಲ್ಲದೆ ಸೋರುತ್ತಿದ್ದರೆ ಒಂದು ದಿನವೂ ತಡಮಾಡಬಾರದು.

ಬಂದ ಮೇಲೆ ಚಿಕಿತ್ಸೆಗಿಂತ ಬಾರದಂತೆ ಕಾಯುವುದು ಮೇಲು. ನೆರೆಯ ನೇಪಾಳದಲ್ಲಿ ಬಾಣಂತಿಯರು ಬೇಗನೆ ಭಾರದ ದುಡಿಮೆಗೆ ಇಳಿಯಬೇಕಾಗುವುದರಿಂದ ಗರ್ಭಕೋಶ ಜಾರುವ ಬಾಧೆ ವ್ಯಾಪಕವಾಗಿತ್ತು. 2008ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಇದನ್ನು ಸ್ತ್ರೀಯರ ಹಕ್ಕಿನ ಪ್ರಶ್ನೆಯೆಂದೇ ಎತ್ತಿಹಿಡಿದು ಸರ್ಕಾರಕ್ಕೆ ಕ್ರಮ ಕೈಗೊಳ್ಳಲು ಸೂಚಿಸಿತು. ನಮ್ಮಲ್ಲಿ ತವರಿನ ಬಾಣಂತನವೆಂಬ ಒಳ್ಳೆಯ ಸಂಪ್ರದಾಯವಿದೆ. ಆದರೆ ಚೊಚ್ಚಲಿಗೆ ಮೂರು ತಿಂಗಳು ಆರೈಕೆ ಕಂಡವಳು ಮೂರನೆಯ ಹೆರಿಗೆಗೆ ಮೂರು ವಾರದಲ್ಲಿ ಕಳೆ ಕೀಳಲು ಹೋಗುವುದನ್ನೂ ನಾವು ಕಂಡಿದ್ದೇವೆ. ಹೊಟ್ಟೆಗೆ ಸೀರೆ ಬಿಗಿದ ಮಾತ್ರಕ್ಕೆ ತಳದ ಸ್ನಾಯುಗಳಿಗೆ ಬಲ ಬಾರದು. ಬಾಣಂತಿಗೆ ಬೇಕಾದದ್ದು ಭಾರ ಎತ್ತದ ವಿರಾಮ, ಮಲಬದ್ಧತೆ ಆಗದಂತೆ ನಾರಿನ ಆಹಾರ ಮತ್ತು ನೀರು, ವೈದ್ಯರು ಹೇಳಿದ ಮೇಲೆ ಮೇಲಿನ ವ್ಯಾಯಾಮ. ನೀರಿನ ಕೊಡವನ್ನು ಆ ದಿನಗಳಲ್ಲಿ ಮನೆಯ ಗಂಡಸರು ಹೊರಲಿ, ಮರ್ಯಾದೆ ಹೋಗದು.

ಆ ತಾಯಿಯ ಕಥೆ ಹೇಳಿ ಮುಗಿಸುತ್ತೇವೆ. ಸೊಸೆಯೇ ಅವರನ್ನು ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ದಳು. ಉಂಗುರ ಹಾಕಿದರು, ವ್ಯಾಯಾಮ ಕಲಿಸಿದರು, ಹಳೆಯ ಕೆಮ್ಮಿಗೂ ಔಷಧಿ ಕೊಟ್ಟರು. ಶಸ್ತ್ರಚಿಕಿತ್ಸೆ ಸದ್ಯಕ್ಕೆ ಬೇಡವೆಂದರು. ನಾಲ್ಕು ತಿಂಗಳಲ್ಲಿ ಸೋರುವುದು ಬಹಳ ಕಡಿಮೆಯಾಯಿತು; ಪೂರ್ತಿ ನಿಂತಿತೆಂದು ಹೇಳಿದರೆ ಸುಳ್ಳಾದೀತು. ಮರುವರ್ಷದ ಶ್ರಾವಣದಲ್ಲಿ ನಾವು ಅದೇ ಊರಿಗೆ ಹೋದಾಗ ಅವರು ಮೂರನೆಯ ಸಾಲಿನ ನಡುವೆ ಕುಳಿತಿದ್ದರು. ನಾವು ಕ್ಷಮೆ ಕೇಳಿದಾಗ, "ನೀವು ಅಂದದ್ದಕ್ಕ ನಾನು ಬಾಯಿ ಬಿಟ್ಟಂಗಾತ್ರಿ, ಇಲ್ಲದಿದ್ದರ ಹಂಗ ಇರತಿದ್ದೆ" ಎಂದರು. ಆ ಔದಾರ್ಯ ಅವರದು; ತಪ್ಪು ನಮ್ಮದೇ.

ಅಂದಿನಿಂದ ನಮ್ಮ ಪ್ರವಚನದಲ್ಲಿ ಮುಕ್ಕಾಲು ಗಂಟೆಗೊಮ್ಮೆ ಬಿಡುವು ಕೊಡುತ್ತೇವೆ. ನಡುವೆ ಎದ್ದವರನ್ನು ಕುರಿತು ಏನೂ ಅನ್ನುವುದಿಲ್ಲ. ಸಭೆ ಏರ್ಪಡಿಸುವವರಿಗೆ ಮೊದಲೇ ಒಂದು ಮಾತು ತಿಳಿಸುತ್ತೇವೆ: ಹೆಂಗಸರು ಕೂಡುವ ಕಡೆಯಿಂದ ಹತ್ತು ಹೆಜ್ಜೆಯೊಳಗೆ ನೀರಿರುವ, ಅಗುಳಿಯಿರುವ ಶೌಚಾಲಯವಿರಬೇಕು. ಮಂಟಪದ ಅಲಂಕಾರ ಆಮೇಲೆ.

ಗೃಹಸ್ಥರಲ್ಲಿ ನಮ್ಮ ವಿನಂತಿ ಇಷ್ಟೇ. ಈ ಸಂಚಿಕೆಯನ್ನು ಓದಿ ಮಡಿಚಿಡಬೇಡಿ; ಮನೆಯ ತಾಯಂದಿರ ಕೈಗೆ ಕೊಡಿ. ಸೊಸೆಯರು ಅತ್ತೆಯನ್ನು, ಮಗಳು ತಾಯಿಯನ್ನು, ಗಂಡನು ಹೆಂಡತಿಯನ್ನು ಏಕಾಂತದಲ್ಲಿ ಒಂದು ಸಲ ಕೇಳಲಿ. ಮೊದಲ ಸಲ "ಏನೂ ಇಲ್ಲ" ಎಂದೇ ಉತ್ತರ ಬಂದೀತು. ಎರಡನೆಯ ಸಲವೂ ಕೇಳಿ.

ಎಲ್ಲ ತಾಯಂದಿರಿಗೂ ಆರೋಗ್ಯಭಾಗ್ಯ ಉಂಟಾಗಲೆಂದು ಹಾರೈಸುತ್ತೇವೆ.